ಕೀ ಗೋಡೆಯ ಮೊಳೆಯಲ್ಲಿ, ಬಾಗಿಲು ತೆರೆದದ್ದು ಹೊರಗೆ: ಕಾರಿಗೆ ದೂರ ಗೊತ್ತಾಗುವುದು ಹೇಗೆ?

ಮೊಳೆಗೆ_ತೂಗಿದ್ದು

ರಜೆ ದಿನ ಕಾರು ತೊಳೆಯುತ್ತಿದ್ದೆ. ಪೈಪಿನ ನೀರು ಡ್ರೈವರ್ ಕಡೆಯ ಬಾಗಿಲಿನ ಹಿಡಿಗೆ ಬಿತ್ತು. ಟಕ್ ಅಂತ ಲಾಕ್ ತೆರೆಯಿತು. ಬಟ್ಟೆಯಿಂದ ಒರೆಸಿದೆ, ಟಕ್ ಅಂತ ಮುಚ್ಚಿತು, ಕನ್ನಡಿಗಳೂ ಮಡಚಿಕೊಂಡವು. ಮತ್ತೆ ನೀರು, ಮತ್ತೆ ಟಕ್. ಐದು ನಿಮಿಷ ವೈರಿಂಗ್ ಕೆಟ್ಟಿದೆ ಅಂದುಕೊಂಡು ಬೈಯುತ್ತಾ ನಿಂತಿದ್ದೆ. ಆಮೇಲೆ ಹೊಳೆಯಿತು. ಕೀ ಜೇಬಿನಲ್ಲಿ ಇರಲೇ ಇಲ್ಲ. ಗೋಡೆಯ ಆ ಕಡೆ, ಒಳಗೆ, ಮೊಳೆಗೆ ನೇತುಹಾಕಿದ್ದೆ. ಗೋಡೆಯಿಂದ ಕಾರಿಗೆ ಒಂದು ಮೊಳ ಜಾಗ ಇದ್ದೀತು, ಅಷ್ಟೇ.

ಅಂದರೆ ನೀರು ಮುಟ್ಟಿದ್ದನ್ನು ಕಾರು ಕೈ ಮುಟ್ಟಿತು ಅಂದುಕೊಂಡಿತು, ಕೀಯನ್ನು ಕರೆಯಿತು, ಕೀ ಗೋಡೆಯಾಚೆಯಿಂದ "ಇಲ್ಲೇ ಇದ್ದೇನೆ" ಅಂದಿತು. ಅಲ್ಲಿ ನಿಂತವನು ನಾನಾ, ಬೇರೆ ಯಾರೋನಾ ಅನ್ನುವುದು ಇಬ್ಬರಿಗೂ ಬೇಕಿರಲಿಲ್ಲ.

ಈಗ ಹೊಸ ಗಾಡಿ ನೋಡುತ್ತಿದ್ದೇನೆ. ಅದರಲ್ಲಿ ಫೋನೇ ಕೀ. ಮಾರಾಟದವರು "ಅಲ್ಟ್ರಾ ವೈಡ್‌ಬ್ಯಾಂಡ್ ಇದೆ ಸರ್, ಫುಲ್ ಸೇಫ್" ಅನ್ನುತ್ತಾರೆ. ಅದು ನಿಜಕ್ಕೂ ಏನು ಮಾಡುತ್ತದೆ? ನಾನು ಸಾಫ್ಟ್‌ವೇರ್ ಬರೆಯುವವನು, ರೇಡಿಯೋ ವಿಷಯದಲ್ಲಿ ಪೂರ್ತಿ ದಡ್ಡ. ಬಿಡಿಸಿ ಹೇಳಿ.

ಬೀಗದ_ಕೆಲಸ

ಕಾರಿನ ಲಾಕು, ವೈರಿಂಗು ನನ್ನ ದಿನದ ಕೆಲಸ. ನಿಮ್ಮ ಗಾಡಿ ಕೆಟ್ಟಿಲ್ಲ, ಹೇಳಿಕೊಟ್ಟಂತೆಯೇ ಮಾಡಿದೆ.

ಈಗಿನ ಬಹುಪಾಲು ಕೀಲೆಸ್ ಗಾಡಿಗಳಲ್ಲಿ ಮಾತುಕತೆ ಎರಡು ಬೇರೆ ಬೇರೆ ಅಲೆಗಳಲ್ಲಿ ನಡೆಯುತ್ತದೆ. ಕಾರು ಕೀಯನ್ನು ಎಬ್ಬಿಸುವುದು ಸಾಮಾನ್ಯವಾಗಿ 125 ಕಿಲೋಹರ್ಟ್ಝ್‌ನಲ್ಲಿ. ಅದಕ್ಕೆ ಬಾಗಿಲ ಹಿಡಿಯಲ್ಲಿ, ಡಿಕ್ಕಿಯ ಹತ್ತಿರ, ಸೀಟಿನ ನಡುವೆ ಪುಟ್ಟ ಫೆರೈಟ್ ಕಡ್ಡಿಗೆ ತಂತಿ ಸುತ್ತಿದ ಆಂಟೆನಾ ಇರುತ್ತವೆ. ಬಿಚ್ಚಿ ನೋಡಿದರೆ ಹಳೇ ರೇಡಿಯೋ ನೆನಪಾಗುತ್ತದೆ. ಕೀ ಎದ್ದು ಉತ್ತರ ಕೊಡುವುದು ಬೇರೆ ಅಲೆಯಲ್ಲಿ, 433 ಮೆಗಾಹರ್ಟ್ಝ್ ಅಥವಾ ಕೆಲವು ದೇಶಗಳಲ್ಲಿ 315. ಈ ಉತ್ತರ ಹತ್ತಾರು ಮೀಟರ್ ಹೋಗುತ್ತದೆ.

ಗುಟ್ಟು ಇರುವುದು ಮೊದಲನೆಯದರಲ್ಲಿ. 125ರದ್ದು ಹೆಚ್ಚುಕಮ್ಮಿ ಬರೀ ಕಾಂತಕ್ಷೇತ್ರ. ದೂರ ಎರಡು ಪಟ್ಟಾದರೆ ಬಲ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಒಂದೆರಡು ಮೀಟರ್ ದಾಟಿದರೆ ಕೀಗೆ ಕೇಳಿಸುವುದಿಲ್ಲ. "ಕೀಗೆ ನನ್ನ ದನಿ ಕೇಳಿಸಿದೆ ಅಂದರೆ ಅದು ಹತ್ತಿರವೇ ಇದೆ" ಅಂತ ಕಾರಿನ ಲೆಕ್ಕ. ಅದು ದೂರ ಅಳೆಯುತ್ತಿಲ್ಲ, ಊಹಿಸುತ್ತಿದೆ. ಇಟ್ಟಿಗೆ ಗೋಡೆ ಈ ಕಾಂತಕ್ಷೇತ್ರಕ್ಕೆ ಇದ್ದೂ ಇಲ್ಲದಂತೆ.

ಮೊಳೆ ಬೇರೆ ಗೋಡೆಗೆ ಹೊಡೆಯಿರಿ, ಮೊದಲು ಅದು.

ಹಳೇ_ಕೀಲಿ

ನನ್ನ ಕಾರಿನ ಕೀ ತೂತಿಗೆ ಹಾಕಿ ತಿರುಗಿಸಿದರೆ ಮಾತ್ರ ತೆರೆಯುತ್ತದೆ. ನೀರು ಬಿದ್ದರೆ ಒದ್ದೆಯಾಗುತ್ತದೆ. ಸುಮ್ನೆ ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುವುದು ಇದಕ್ಕೇ.

ನ್ಯಾನೋಸೆಕೆಂಡ್

ಹಳೇ ಕೀಲಿ ಸರ್, ನಿಮ್ಮ ಸರದಿ ಆಮೇಲೆ :)

ಬೀಗದ ಕೆಲಸ ಅಣ್ಣ ಹೇಳಿದ "ಊಹೆ" ಇದೆಯಲ್ಲ, ಕಳ್ಳತನ ಆಗುವುದು ಅಲ್ಲೇ. ಇಬ್ಬರು ಬರುತ್ತಾರೆ. ಒಬ್ಬ ಕಾರಿನ ಹತ್ತಿರ, ಇನ್ನೊಬ್ಬ ಮನೆ ಬಾಗಿಲ ಹತ್ತಿರ. ಕಾರಿನ 125ರ ಕೂಗನ್ನು ಮೊದಲನೆಯವನ ಪೆಟ್ಟಿಗೆ ಹಿಡಿದು ಎರಡನೆಯವನ ಪೆಟ್ಟಿಗೆಗೆ ಕಳಿಸುತ್ತದೆ, ಅದು ನಿಮ್ಮ ಮೊಳೆಯ ಹತ್ತಿರ ಅದೇ ಕೂಗನ್ನು ಮತ್ತೆ ಕೂಗುತ್ತದೆ. ಕೀ ಎದ್ದು ಉತ್ತರಿಸುತ್ತದೆ. ಬಾಗಿಲು ತೆರೆಯಿತು, ಇಂಜಿನ್ ಕೂಡ ಶುರು. ಇದಕ್ಕೆ ರಿಲೇ ದಾಳಿ ಅಂತ ಹೆಸರು. ಜ್ಯೂರಿಕ್‌ನ ಇಟಿಎಚ್ ಸಂಶೋಧಕರು 2010ರಲ್ಲಿ ಎಂಟು ಕಂಪನಿಗಳ ಹತ್ತು ಮಾದರಿಗಳ ಮೇಲೆ ಇದನ್ನು ಮಾಡಿ ನೋಡಿದರು. ಹತ್ತಕ್ಕೆ ಹತ್ತೂ ತೆರೆದವು.

ಇಲ್ಲಿ ಸಾಫ್ಟ್‌ವೇರ್ ಜನ ಎಡವುತ್ತಾರೆ. "ಗೂಢಲಿಪಿ ಗಟ್ಟಿ ಮಾಡಿದರೆ ಆಯಿತಲ್ಲ?" ಅನ್ನುತ್ತಾರೆ. ಆಗಲ್ಲ. ಪರೀಕ್ಷೆ ಕೊಠಡಿ ನೆನಪಿಸಿಕೊಳ್ಳಿ. ಮೇಷ್ಟ್ರು ಪ್ರಶ್ನೆ ಕೊಟ್ಟರು, ಒಳಗೆ ಕೂತ ದಡ್ಡ ಕಿಟಕಿಯಿಂದ ಚೀಟಿ ಎಸೆದ, ಹೊರಗಿನ ಜಾಣ ಉತ್ತರ ಬರೆದು ವಾಪಸ್ ಎಸೆದ. ಪ್ರಶ್ನೆ ಎಷ್ಟೇ ಕಷ್ಟ ಮಾಡಿ, ಉತ್ತರ ಸರಿಯೇ ಬರುತ್ತದೆ. ಯಾಕಂದರೆ ಬರೆಯುತ್ತಿರುವವನು ನಿಜಕ್ಕೂ ಜಾಣನೇ. ಮೇಷ್ಟ್ರಿಗೆ ಅನುಮಾನ ಬರಲು ದಾರಿ ಒಂದೇ. ಚೀಟಿ ಹೋಗಿ ಬರುವಷ್ಟು ಹೊತ್ತು ಜಾಸ್ತಿ ಹಿಡಿಯಿತು ಅನ್ನುವುದು.

ಅಲ್ಟ್ರಾ ವೈಡ್‌ಬ್ಯಾಂಡ್ ಮಾಡುವುದು ಆ ಹೊತ್ತನ್ನು ಅಳೆಯುವ ಕೆಲಸ.

ಎರಡನೇ_ಸೆಮ್

ಅಕ್ಕ, ಒಂದು ದಡ್ಡ ಪ್ರಶ್ನೆ. ಸಿಗ್ನಲ್ ಎಷ್ಟು ಜೋರಾಗಿದೆ ಅಂತ ನೋಡಿದರೆ ದೂರ ಗೊತ್ತಾಗಲ್ವಾ? ನಮ್ಮ ಕಾಲೇಜು ಪ್ರಾಜೆಕ್ಟಿನಲ್ಲಿ ಬ್ಲೂಟೂತ್‌ನ ಆರ್‌ಎಸ್‌ಎಸ್‌ಐ (ಸಿಗ್ನಲ್ ಬಲದ ಅಂಕಿ) ತಗೊಂಡು ಹಾಗೇ ಮಾಡಿದ್ದೆವು. ಎರಡು ಮೀಟರ್ ಒಳಗೆ ಬಂದರೆ ಎಲ್‌ಇಡಿ ಹತ್ತುತ್ತಿತ್ತು. ಒಳ್ಳೇ ಮಾರ್ಕ್ಸ್ ಬಂತು.

ನ್ಯಾನೋಸೆಕೆಂಡ್

ದಡ್ಡ ಪ್ರಶ್ನೆ ಅಲ್ಲ ಕಣಮ್ಮ. ಫೋನ್-ಕೀ ಅಂತ ಮೊದಮೊದಲು ಬಂದ ಎಷ್ಟೋ ಗಾಡಿಗಳು ನಿನ್ನ ಪ್ರಾಜೆಕ್ಟನ್ನೇ ಮಾಡಿ ಮಾರಿದವು.

ಒಂದು ಕೆಲಸ ಮಾಡು. ಅದೇ ಎಲ್‌ಇಡಿ ಇಟ್ಟುಕೊಂಡು ಫೋನನ್ನು ಕೈಯಲ್ಲಿ ಹಿಡಿದು ನಿಲ್ಲು. ಆಮೇಲೆ ಅದೇ ಜಾಗದಲ್ಲಿ ಹಿಂದಿನ ಜೇಬಿಗೆ ಹಾಕಿ ನಿಲ್ಲು. ಎಲ್‌ಇಡಿ ಆರುತ್ತದೆ. ಮೈಯಲ್ಲಿರುವುದು ಹೆಚ್ಚಿನಂಶ ನೀರು, ಬ್ಲೂಟೂತ್‌ನ 2.4 ಗಿಗಾಹರ್ಟ್ಝ್ ಅಲೆಯನ್ನು ಅದು ಚೆನ್ನಾಗಿ ನುಂಗುತ್ತದೆ. ಹಾಗಾಗಿ ಗಿರಾಕಿ ಬೈಯಬಾರದು ಅಂತ ಕಂಪನಿಗಳು ಮಿತಿಯನ್ನು ಸಡಿಲ ಬಿಡುತ್ತವೆ. ಸಡಿಲ ಬಿಟ್ಟಷ್ಟೂ ಕಳ್ಳನಿಗೆ ಸಲೀಸು. ಅವನು ಒಂದು ಆಂಪ್ಲಿಫೈಯರ್ ತಂದರೆ ಮುಗಿಯಿತು, ದೂರದ್ದು ಹತ್ತಿರದ್ದಾಗುತ್ತದೆ.

2022ರಲ್ಲಿ ಎನ್‌ಸಿಸಿ ಗ್ರೂಪ್ ಅನ್ನುವ ಭದ್ರತಾ ಕಂಪನಿಯ ಸಂಶೋಧಕರೊಬ್ಬರು ಬ್ಲೂಟೂತ್ ಲೋ ಎನರ್ಜಿಯನ್ನು ಲಿಂಕ್ ಲೇಯರ್ ಅನ್ನುವ ಕೆಳಹಂತದಲ್ಲೇ ರಿಲೇ ಮಾಡಿ ಟೆಸ್ಲಾ ಮಾಡೆಲ್ 3 ತೆರೆದು ತೋರಿಸಿದರು. ಆ ರಿಲೇ ಸೇರಿಸಿದ ತಡ ಸುಮಾರು 8 ಮಿಲಿಸೆಕೆಂಡ್. ಬ್ಲೂಟೂತ್‌ಗೆ ಅದು ಮಾಮೂಲಿ ಏರುಪೇರು, ಕಾರು ತಲೆಯೇ ಕೆಡಿಸಿಕೊಳ್ಳಲಿಲ್ಲ. ಆದರೆ 8 ಮಿಲಿಸೆಕೆಂಡಿನಲ್ಲಿ ಬೆಳಕು 2,400 ಕಿಲೋಮೀಟರ್ ಹೋಗುತ್ತದೆ! ಅಷ್ಟು ದೊಡ್ಡ ಸುಳ್ಳನ್ನು ಹಿಡಿಯಲಾಗದ ಗಡಿಯಾರ ಇಟ್ಟುಕೊಂಡು ಎರಡು ಮೀಟರ್ ಕಾಯುವುದು ಹೇಗೆ?

ಮೊಳೆಗೆ_ತೂಗಿದ್ದು

2,400 ಕಿ.ಮೀ. ಓದಿ ಎದೆ ಧಸಕ್ ಅಂತು. ಸರಿ, ಹಾಗಾದರೆ ಅಲ್ಟ್ರಾ ವೈಡ್‌ಬ್ಯಾಂಡಿನ, ಅಂದರೆ ಯುಡಬ್ಲ್ಯುಬಿಯ, ಗಡಿಯಾರ ಎಷ್ಟು ಸೂಕ್ಷ್ಮ?

ನ್ಯಾನೋಸೆಕೆಂಡ್

ಇದು ನನ್ನ ಇಷ್ಟದ ವಿಷಯ, ಉದ್ದ ಆಗುತ್ತದೆ, ಕ್ಷಮಿಸಿ.

ರೇಡಿಯೋ ಅಲೆ 1 ನ್ಯಾನೋಸೆಕೆಂಡಿನಲ್ಲಿ 30 ಸೆಂಟಿಮೀಟರ್ ಹೋಗುತ್ತದೆ. ಒಂದು ಸ್ಕೇಲ್ ಉದ್ದ. ಬಾಗಿಲ ಮುಂದೆ ನಿಂತಿದ್ದೀರೋ ಇಲ್ಲವೋ ಅಂತ ತಿಳಿಯಬೇಕಾದರೆ ಅಷ್ಟರ ಮಟ್ಟಿಗೆ ಅಳೆಯಬೇಕು. ಬ್ಲೂಟೂತ್ ಅಲೆ ಉದ್ದಕ್ಕೆ ಎಳೆದ ಶಿಳ್ಳೆ ಇದ್ದ ಹಾಗೆ, ಶುರುವಾದದ್ದು ಸರಿಯಾಗಿ ಯಾವಾಗ ಅಂತ ಹೇಳುವುದು ಕಷ್ಟ. ಯುಡಬ್ಲ್ಯುಬಿ ಚಪ್ಪಾಳೆ ಇದ್ದ ಹಾಗೆ. ಒಂದೊಂದು ಚಪ್ಪಾಳೆ ಸುಮಾರು 2 ನ್ಯಾನೋಸೆಕೆಂಡ್. ಅಷ್ಟು ಚಿಕ್ಕದು ಬೇಕೆಂದರೆ ಅಲೆ ಹರಡುವ ಆವರ್ತನದ ಪಟ್ಟಿ ಅಗಲವಾಗಬೇಕು, 500 ಮೆಗಾಹರ್ಟ್ಝ್ ಬೇಕು. ವೈಡ್‌ಬ್ಯಾಂಡ್ ಅನ್ನುವ ಹೆಸರು ಅದರಿಂದಲೇ. ಕಾರಿನ ಕೀಗಳು ಹೆಚ್ಚಾಗಿ ಬಳಸುವುದು 6.5 ಮತ್ತು 8 ಗಿಗಾಹರ್ಟ್ಝ್ ಹತ್ತಿರದ ಚಾನಲ್‌ಗಳು, ತುಂಬಾ ಮೆಲುದನಿಯಲ್ಲಿ.

ಅಳೆಯುವ ಬಗೆ ಸರಳ. ಕಾರು ಕೇಳುತ್ತದೆ, ಫೋನ್ ಉತ್ತರ ಕೊಡುತ್ತದೆ. ಹೋಗಿ ಬಂದ ಒಟ್ಟು ಹೊತ್ತಿನಲ್ಲಿ ಫೋನ್ ಒಳಗೆ ಕಳೆದ ಹೊತ್ತು ತೆಗೆದು, ಉಳಿದದ್ದನ್ನು ಎರಡು ಭಾಗ ಮಾಡಿದರೆ ಆಯಿತು. ಕಾಗದದ ಮೇಲೆ ಸರಳ, ಅಷ್ಟೇ. ನಾನು ಮೊದಲ ಸಲ ಎರಡು ಯುಡಬ್ಲ್ಯುಬಿ ಬೋರ್ಡ್ ತಂದು ಮೇಜಿನ ಮೇಲೆ ಒಂದು ಮೀಟರ್ ದೂರದಲ್ಲಿ ಇಟ್ಟಾಗ ಪರದೆಯ ಮೇಲೆ ಬಂದದ್ದು ನೂರೈವತ್ತು ಮೀಟರ್‌ಗಿಂತ ಜಾಸ್ತಿ! ಸಿಗ್ನಲ್ ಚಿಪ್‌ನಿಂದ ಹೊರಟು ಆಂಟೆನಾ ತಲುಪುವಷ್ಟರಲ್ಲಿ ಆಗುವ ತಡವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದನ್ನು ಸರಿಮಾಡಿದೆ. ಆಮೇಲೂ ನಾಲ್ಕು ಮೀಟರ್ ಅನ್ನುತ್ತಿತ್ತು. ಒಂದು ಬೋರ್ಡಿಗೆ ಬೆರಳು ತಾಗಿಸಿ ಬಿಸಿ ಮಾಡಿದರೆ ಅಂಕಿ ಮೆಲ್ಲಗೆ ಜಾರುತ್ತಿತ್ತು. ಆಗ ತಿಳಿಯಿತು. ಎರಡೂ ಬೋರ್ಡಿನ ಹರಳು ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಅಂದುಕೊಳ್ಳಿ. ಫೋನ್ ಉತ್ತರಿಸಲು 1 ಮಿಲಿಸೆಕೆಂಡ್ ತೆಗೆದುಕೊಂಡರೆ 20 ನ್ಯಾನೋಸೆಕೆಂಡ್ ತಪ್ಪು. ಎರಡರಿಂದ ಭಾಗಿಸಿದರೆ 10. ಅಂದರೆ ಮೂರು ಮೀಟರ್. ಅದಕ್ಕೇ ಒಂದು ಪ್ರಶ್ನೆ, ಒಂದು ಉತ್ತರ ಸಾಲದು. ಮೂರನೇ ಸಂದೇಶವನ್ನೂ ಕಳಿಸಿ, ಎರಡೂ ಕಡೆಯಿಂದ ಅಳೆದು ಈ ತಪ್ಪನ್ನು ಹೊಡೆದು ಹಾಕುತ್ತಾರೆ. ಆಮೇಲೆ ಹತ್ತು ಸೆಂಟಿಮೀಟರ್ ಆಸುಪಾಸಿಗೆ ಬರುತ್ತದೆ.

ರಿಲೇ ಮಾಡುವವನಿಗೆ ಇಲ್ಲಿ ಕಷ್ಟ ಯಾಕೆ ಅಂದರೆ, ಅವನ ಪೆಟ್ಟಿಗೆ ಹೊತ್ತನ್ನು ಸೇರಿಸಬಲ್ಲದು, ಕಳೆಯಲಾರದು. ಬೆಳಕಿಗಿಂತ ವೇಗವಾಗಿ ಹೋಗುವ ಪೆಟ್ಟಿಗೆ ಇಲ್ಲ.

ಎರಡನೇ_ಸೆಮ್

ಕಳೆಯಲಾರದು ಅಂದಿರಿ. ಉತ್ತರ ಪೂರ್ತಿ ಬರುವ ಮೊದಲೇ ಕಳ್ಳ ಕಳಿಸಿಬಿಟ್ಟರೆ?

ನ್ಯಾನೋಸೆಕೆಂಡ್

ಭೇಷ್! ಇವಳಿಗೆ ಯಾರಾದರೂ ಕೆಲಸ ಕೊಡಿ.

ಹಳೆಯ ಯುಡಬ್ಲ್ಯುಬಿ ಮಾನದಂಡದಲ್ಲಿ, ಅಂದರೆ 2007ರ 802.15.4ಎಯಲ್ಲಿ, ಈ ತೂತು ಇತ್ತು. ಅಳೆಯಲು ಬಳಸುವ ಚಪ್ಪಾಳೆಯ ತಾಳ ಎಲ್ಲರಿಗೂ ಗೊತ್ತಿರುವಂಥದ್ದು. ತಾಳ ಗೊತ್ತಿದ್ದರೆ ಮುಂಚೆಯೇ ತಟ್ಟಬಹುದಲ್ಲ? ಅಕ್ಷರ ಪೂರ್ತಿ ಕೇಳುವ ಮೊದಲೇ ಊಹಿಸಿ ಹೇಳುವ ಹಾಗೆ. ಹಾಗೆ ಮಾಡಿ ಕೆಲವು ಮೀಟರ್‌ಗಳಲ್ಲ, ಅದಕ್ಕೂ ಜಾಸ್ತಿ ಕದಿಯಬಹುದು.

2020ರ ಹೊಸ ಮಾನದಂಡ 802.15.4ಝಡ್‌ನಲ್ಲಿ ಅದಕ್ಕೆ ಉತ್ತರ ಬಂತು. ಪ್ರತಿ ಸಲದ ತಾಳವನ್ನೂ ಎಇಎಸ್-128 ಅನ್ನುವ ಗೂಢಲಿಪಿಯಿಂದ ಹೊಸದಾಗಿ ಹುಟ್ಟಿಸುತ್ತಾರೆ. ಕಾರಿಗೂ ಫೋನಿಗೂ ಮಾತ್ರ ಗೊತ್ತು. ಇದಕ್ಕೆ ಎಸ್‌ಟಿಎಸ್ ಅಂತ ಹೆಸರು. ಗೂಢಲಿಪಿ ಮತ್ತು ಗಡಿಯಾರ ಒಂದಾದದ್ದು ಇಲ್ಲಿ. ಬೇರೆ ಬೇರೆ ಇದ್ದಾಗ ಎರಡೂ ಸಾಲುತ್ತಿರಲಿಲ್ಲ.

ಆದರೂ ಕಳ್ಳ ರಂಗೋಲಿ ಕೆಳಗೆ ತೂರುವವನು. 2022ರಲ್ಲಿ ಸಂಶೋಧಕರು ಘೋಸ್ಟ್ ಪೀಕ್ ಅನ್ನುವ ದಾಳಿ ತೋರಿಸಿದರು. ತಾಳ ಗೊತ್ತಿಲ್ಲದೆಯೂ ಮೇಲಿಂದ ಗದ್ದಲ ಎಬ್ಬಿಸಿ, ಆಪಲ್‌ನ ಯು1 ಚಿಪ್ 12 ಮೀಟರ್ ದೂರವನ್ನು ಸೊನ್ನೆ ಅಂತ ಓದುವಂತೆ ಮಾಡಿದರು. ಗೆದ್ದದ್ದು ಹೆಚ್ಚೆಂದರೆ ನೂರಕ್ಕೆ ನಾಲ್ಕು ಸಲ. ಒಂದೇ ಅಳತೆ ನಂಬಿ ಬಾಗಿಲು ತೆರೆದರೆ ನೂರಕ್ಕೆ ನಾಲ್ಕು ಜಾಸ್ತಿಯೇ. ಸತತ ಮೂರು ಅಳತೆ ಒಪ್ಪಬೇಕು ಅಂದರೆ, ಒಂದಕ್ಕೊಂದು ಸಂಬಂಧ ಇಲ್ಲ ಅಂದುಕೊಂಡರೆ, ಲಕ್ಷಕ್ಕೆ ಆರು. ಅಂದರೆ ಚಿಪ್ ಒಂದೇ ಇದ್ದರೂ, ಅದರ ಮೇಲೆ ಕೂತ ಸಾಫ್ಟ್‌ವೇರ್ ಎಷ್ಟು ಅನುಮಾನದ ಪ್ರಾಣಿ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ಹಳೇ_ಕೀಲಿ

ಇಷ್ಟೆಲ್ಲಾ ಓದಿ ತಲೆ ಗಿರ್ ಅಂತು. ನನ್ನ ತೂತಿನ ಕೀಗೆ ಎಇಎಸ್ ಬೇಡ, ತಾಳ ಬೇಡ.

ಬೀಗದ_ಕೆಲಸ

ಯಜಮಾನರೇ, ನಿಮ್ಮ ಕೀ ಮೇಲೆ ಬಟನ್ ಇದೆಯಾ?

ಹಳೇ_ಕೀಲಿ

ಇದೆ. ದೂರದಿಂದ ಒತ್ತಿ ತೆರೆಯುತ್ತೇನೆ. ಯಾಕೆ?

ಬೀಗದ_ಕೆಲಸ

ಹಾಗಾದರೆ ನಿಮ್ಮದೂ ರೇಡಿಯೋನೇ. ಬಟನ್ ಒತ್ತಿದಾಗಲೆಲ್ಲ ಹೊಸ ಸಂಖ್ಯೆ ಹೋಗುತ್ತದೆ, ರೋಲಿಂಗ್ ಕೋಡ್ ಅಂತಾರೆ. 2015ರಲ್ಲಿ ಸ್ಯಾಮಿ ಕಾಮ್ಕಾರ್ ಅನ್ನುವವರು ಪುಟ್ಟ ಪೆಟ್ಟಿಗೆ ಒಂದನ್ನು ತೋರಿಸಿದರು. ನೀವು ಒತ್ತಿದ ಸಂಖ್ಯೆ ಕಾರಿಗೆ ತಲುಪದಂತೆ ಗದ್ದಲ ಮಾಡಿ ತಾನು ಹಿಡಿದಿಟ್ಟುಕೊಳ್ಳುತ್ತದೆ. ನೀವು "ಏನಪ್ಪಾ ಒತ್ತಿದ್ದು ತಾಗಲಿಲ್ಲ" ಅಂತ ಇನ್ನೊಂದು ಸಲ ಒತ್ತುತ್ತೀರಿ. ಅದು ಎರಡನೆಯದನ್ನೂ ಹಿಡಿದು ಮೊದಲನೆಯದನ್ನು ಕಾರಿಗೆ ಬಿಡುತ್ತದೆ. ಬಾಗಿಲು ತೆರೆಯಿತು, ನೀವು ಖುಷಿ. ಬಳಸದ ಸಂಖ್ಯೆ ಒಂದು ಅವನ ಜೇಬಿನಲ್ಲಿ.

ಹಳೇ_ಕೀಲಿ

...ಕಳೆದ ವಾರವಷ್ಟೇ ಎರಡು ಸಲ ಒತ್ತಿದ್ದೆ. ಬ್ಯಾಟರಿ ವೀಕು ಅಂದುಕೊಂಡಿದ್ದೆ.

ಬೀಗದ_ಕೆಲಸ

ಬ್ಯಾಟರಿಯೇ ಇರಬೇಕು, ಹೆದರಬೇಡಿ. ಬದಲಾಯಿಸಿ.

ಮೊಳೆಗೆ_ತೂಗಿದ್ದು

ಫೋನ್ ವಿಷಯಕ್ಕೆ ಬರೋಣ. ಫೋನ್ ಸತ್ತರೆ ಏನು ಗತಿ? ಮತ್ತೆ ಬ್ಲೂಟೂತ್ ಪೂರ್ತಿ ಹೋಯಿತಾ, ಇನ್ನೂ ಇದೆಯಾ?

ನ್ಯಾನೋಸೆಕೆಂಡ್

ಇದೆ. ಕಾರು ಮತ್ತು ಫೋನ್ ಕಂಪನಿಗಳು ಸೇರಿ ಮಾಡಿದ ಕಾರ್ ಕನೆಕ್ಟಿವಿಟಿ ಕನ್ಸಾರ್ಷಿಯಂ ಅನ್ನುವ ಕೂಟ 2021ರಲ್ಲಿ ಡಿಜಿಟಲ್ ಕೀ 3.0 ಹೊರತಂದಿತು. ಅದರಲ್ಲಿ ಮೂರೂ ಇವೆ, ಒಂದೊಂದಕ್ಕೆ ಒಂದೊಂದು ಕೆಲಸ. ಬ್ಲೂಟೂತ್ "ಯಾರೋ ಬರುತ್ತಿದ್ದಾರೆ" ಅಂತ ದೂರದಿಂದಲೇ ಎಚ್ಚರಿಸುತ್ತದೆ, ಪರಿಚಯ ಕೇಳುತ್ತದೆ. ಇದು ಕರೆಂಟ್ ಕಡಿಮೆ ತಿನ್ನುವುದರಿಂದ ಯಾವಾಗಲೂ ಎದ್ದಿರಬಹುದು. ಆಮೇಲೆ ಯುಡಬ್ಲ್ಯುಬಿ ಎದ್ದು ಅಳೆಯುತ್ತದೆ. ಫೋನ್ ಬ್ಯಾಟರಿ ಮುಗಿದರೆ ಎನ್‌ಎಫ್‌ಸಿ. ಅದು 13.56 ಮೆಗಾಹರ್ಟ್ಝ್, ನಾಲ್ಕಾರು ಸೆಂಟಿಮೀಟರ್ ಮಾತ್ರ, ಫೋನನ್ನು ಹಿಡಿಗೆ ತಾಗಿಸಲೇಬೇಕು. ಕೆಲವು ಫೋನ್‌ಗಳು ಆರಿಹೋದ ಮೇಲೂ ಇದಕ್ಕೆಂದೇ ಒಂದಿಷ್ಟು ಚಾರ್ಜ್ ಉಳಿಸಿಕೊಳ್ಳುತ್ತವೆ. ಗುಟ್ಟಿನ ಕೀ ಇರುವುದು ಫೋನಿನ ಸೆಕ್ಯೂರ್ ಎಲಿಮೆಂಟ್ ಅನ್ನುವ ಭದ್ರ ಭಾಗದ ಒಳಗೆ, ಆ್ಯಪ್‌ಗಳ ಕೈಗೆ ಸಿಗುವುದಿಲ್ಲ.

ಕಾರಿನಲ್ಲಿ ಯುಡಬ್ಲ್ಯುಬಿ ಆಂಟೆನಾ ಒಂದಲ್ಲ, ನಾಲ್ಕು ಮೂಲೆಗೂ ಒಳಗೂ ಇಡುತ್ತಾರೆ. ನೀವು ಒಳಗೆ ಕೂತಿದ್ದೀರಾ ಹೊರಗೆ ನಿಂತಿದ್ದೀರಾ ಅನ್ನುವುದು ಮುಖ್ಯ. ಹೊರಗಿದ್ದರೆ ಬಾಗಿಲು ತೆರೆಯಲಿ, ಇಂಜಿನ್ ಶುರುವಾಗಬಾರದು. ಇಲ್ಲಿ ಒಂದು ತಲೆನೋವು: ಕಾರು ಅಂದರೆ ತಗಡಿನ ಡಬ್ಬ. ಚಪ್ಪಾಳೆ ಎಲ್ಲೆಲ್ಲೋ ಬಡಿದು ಮರುದನಿಯಾಗುತ್ತದೆ. ಫೋನ್ ಹಿಂದಿನ ಜೇಬಿನಲ್ಲಿ ಇದ್ದರೆ ನೇರ ಬಂದ ದನಿ ಸಣ್ಣದು, ಗೋಡೆಗೆ ಬಡಿದು ಬಂದದ್ದು ಜೋರು. ಜೋರಾದದ್ದನ್ನು ನಂಬಿದರೆ ದೂರ ತಪ್ಪು. ಮೊದಲು ಬಂದದ್ದನ್ನೇ ಹುಡುಕಬೇಕು, ಅದು ಎಷ್ಟೇ ಸಣ್ಣದಿರಲಿ. ಘೋಸ್ಟ್ ಪೀಕ್ ಆಟವಾಡಿದ್ದೂ ಇದೇ ಜಾಗದಲ್ಲಿ. ಸಣ್ಣ ದನಿಗೆ ಕಿವಿ ಕೊಡುವವನಿಗೆ ಇಲ್ಲದ ದನಿಯೂ ಕೇಳಿಸುತ್ತದೆ.

ಅಂದಹಾಗೆ, 2024ರ ಸೆಪ್ಟೆಂಬರ್‌ನಲ್ಲಿ ಬಂದ ಬ್ಲೂಟೂತ್ 6.0ರಲ್ಲೂ ಚಾನಲ್ ಸೌಂಡಿಂಗ್ ಅಂತ ದೂರ ಅಳೆಯುವ ವ್ಯವಸ್ಥೆ ಸೇರಿದೆ. ಅದರ ಬಗ್ಗೆ ಬೇರೆ ಎಳೆ ತೆರೆಯೋಣ, ಇಲ್ಲಿ ಬೇಡ.

ಬೀಗದ_ಕೆಲಸ

ಮೇಡಂ ಹೇಳಿದ್ದು ಎಲ್ಲಾ ಸರಿ. ನಾನು ಎರಡು ಮಾತು ಸೇರಿಸುತ್ತೇನೆ.

ಒಂದು, ಕಾರಿನಲ್ಲಿ ಚಿಪ್ ಇದೆ ಅಂದ ಮಾತ್ರಕ್ಕೆ ಬಾಗಿಲು ಅದರ ಮಾತು ಕೇಳುತ್ತದೆ ಅಂತಲ್ಲ. 2024ರಲ್ಲಿ ಚೀನಾದ ಸಂಶೋಧಕರು ಯುಡಬ್ಲ್ಯುಬಿ ಇದ್ದ ಹೊಸ ಮಾಡೆಲ್ 3 ಗಾಡಿಯನ್ನೇ ಹಳೇ ಬ್ಲೂಟೂತ್ ರಿಲೇಯಿಂದ ತೆರೆದರು. ಆಗಿನ್ನೂ ಬಾಗಿಲು ತೆರೆಯುವ ತೀರ್ಮಾನಕ್ಕೆ ಆ ಅಳತೆಯನ್ನು ಬಳಸುತ್ತಿರಲಿಲ್ಲ. ಕಾವಲುಗಾರನನ್ನು ಇಟ್ಟು ಅವನ ಮಾತು ಕೇಳದೇ ಇದ್ದ ಹಾಗೆ.

ಎರಡು, ಬಾಗಿಲು ಭದ್ರ ಮಾಡಿದರೆ ಕಳ್ಳ ಹಿತ್ತಲಿಗೆ ಬರುತ್ತಾನೆ. 2023ರಲ್ಲಿ ಸುದ್ದಿಯಾದ ಕ್ಯಾನ್ ಇಂಜೆಕ್ಷನ್‌ನಲ್ಲಿ ರೇಡಿಯೋನೇ ಇಲ್ಲ. ಬಂಪರ್ ಎಳೆದು, ಹೆಡ್‌ಲೈಟ್ ಕನೆಕ್ಟರ್ ಬಿಚ್ಚಿ, ಅಲ್ಲಿಂದ ಕಾರಿನ ಒಳಗಿನ ಕಂಪ್ಯೂಟರ್‌ಗಳು ಮಾತಾಡುವ ಕ್ಯಾನ್ ತಂತಿಗೆ "ಕೀ ಸರಿಯಿದೆ, ತೆರೆ" ಅಂತ ಸಂದೇಶ ತುಂಬುತ್ತಾರೆ. ಒಳಗಿನ ಕಂಪ್ಯೂಟರ್‌ಗಳು ಒಂದನ್ನೊಂದು ಕಣ್ಣು ಮುಚ್ಚಿ ನಂಬುತ್ತವೆ. ನನ್ನ ಹತ್ತಿರ ಒಂದು ಗಾಡಿ ಬಂದಿತ್ತು, ಮಾಲೀಕರು ಯಾರೋ ಬಂಪರ್‌ಗೆ ಗುದ್ದಿ ಓಡಿಹೋಗಿದ್ದಾರೆ ಅಂತ ತಂದಿದ್ದರು. ಪೇಂಟು ಮಾತ್ರ ಒಂಚೂರೂ ಕೆರೆದಿರಲಿಲ್ಲ, ಚಕ್ರದ ಮೇಲಿನ ಕ್ಲಿಪ್ಪುಗಳು ನೀಟಾಗಿ ಬಿಚ್ಚಿದ್ದವು. ಗುದ್ದಿದವನು ಕ್ಲಿಪ್ಪು ಬಿಚ್ಚಿಟ್ಟು ಹೋಗುತ್ತಾನಾ? ಯಾರೋ ಅರ್ಧ ಕೆಲಸ ಮಾಡಿ ಓಡಿದ್ದರು.

ಮತ್ತೆ, ಈಗಿರುವ ಗಾಡಿಗೆ: ಕೀಯನ್ನು ಮುಚ್ಚಳ ಬಿಗಿಯಾದ ಕಬ್ಬಿಣದ ಡಬ್ಬಿಯಲ್ಲೋ ಸಿಗ್ನಲ್ ತಡೆಯುವ ಚೀಲದಲ್ಲೋ ಇಡಿ. ಆದರೆ ಇಟ್ಟು ಸುಮ್ನಿರಬೇಡಿ. ಡಬ್ಬಿಯನ್ನು ಕೈಯಲ್ಲೇ ಹಿಡಿದು ಕಾರಿನ ಹತ್ತಿರ ಹೋಗಿ ಬಾಗಿಲು ಎಳೆಯಿರಿ. ತೆರೆದರೆ ಆ ಡಬ್ಬಿ ದಂಡ. ತೆಳು ಹಾಳೆ 125ಕ್ಕೆ ಅಷ್ಟೇನೂ ಅಡ್ಡಿಯಲ್ಲ, 433ಕ್ಕೆ ಅಡ್ಡಿ. ಎರಡರಲ್ಲಿ ಒಂದು ನಿಂತರೂ ಸಾಕು. ಚೀಲಗಳು ಮಡಿಕೆಯಲ್ಲಿ ಸವೆಯುತ್ತವೆ, ಆಗಾಗ ನೋಡುತ್ತಿರಿ. ಕೆಲವು ಕೀಗಳಲ್ಲಿ ಅಲುಗಾಟ ತಿಳಿಯುವ ಸೆನ್ಸರ್ ಇರುತ್ತದೆ, ಸ್ವಲ್ಪ ಹೊತ್ತು ಅಲುಗದಿದ್ದರೆ ಮಲಗಿಬಿಡುತ್ತವೆ. ಅಂಥದ್ದು ಮೊಳೆಗೆ ತೂಗಿದ್ದರೆ ನಿಮಗೆ ನೀರಾಟ ಆಗುತ್ತಿರಲಿಲ್ಲ.

ಎರಡನೇ_ಸೆಮ್

ಬಾಗಿಲು ಯಾವುದರ ಮಾತು ಕೇಳುತ್ತಿದೆ ಅಂತ ಹೊರಗಿನಿಂದ ತಿಳಿಯುವುದು ಹೇಗೆ? ಕಂಪನಿ ಹೇಳಲ್ಲ ಅಲ್ವಾ?

ನ್ಯಾನೋಸೆಕೆಂಡ್

ಒಂದು ಉಪಾಯ ಇದೆ. ಆಂಡ್ರಾಯ್ಡ್‌ನ ಹಲವು ಫೋನ್‌ಗಳಲ್ಲಿ ಯುಡಬ್ಲ್ಯುಬಿಯನ್ನು ಮಾತ್ರ ಆಫ್ ಮಾಡುವ ಸ್ವಿಚ್ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಅದನ್ನು ಆಫ್ ಮಾಡಿ, ಬ್ಲೂಟೂತ್ ಬಿಟ್ಟು, ಫೋನ್ ಜೇಬಿನಲ್ಲಿಟ್ಟು ಬಾಗಿಲು ಎಳೆಯಿರಿ. ತಾನಾಗಿ ತೆರೆದರೆ ಅಲ್ಲಿ ದೂರ ಅಳೆಯುತ್ತಿರುವವರು ಯಾರೂ ಇಲ್ಲ. ಕಳ್ಳನೂ ಇದನ್ನೇ ಮಾಡಬಹುದು. ಅವನು ನಿಮ್ಮ ಸೆಟ್ಟಿಂಗ್ಸ್ ಮುಟ್ಟಬೇಕಿಲ್ಲ, ಆ ಚಾನಲ್ ಮೇಲೆ ಗದ್ದಲ ಮಾಡಿದರೆ ಸಾಕು. ಅಳತೆ ಸಿಗದಾಗ ಕಾರು ಬಾಗಿಲು ಮುಚ್ಚಿಯೇ ಇಡಬೇಕು, ಎನ್‌ಎಫ್‌ಸಿ ತಾಗಿಸಿ ಅನ್ನಬೇಕು. "ಹೋಗಲಿ ಬಿಡು, ಬ್ಲೂಟೂತ್ ಇದೆಯಲ್ಲ" ಅನ್ನಬಾರದು.

ಮೊಳೆಗೆ_ತೂಗಿದ್ದು

ಮಾಡಿ ನೋಡಿ ಬಂದೆ. ಎರಡು ಬೇರೆ ಬೇರೆ ಕಂಪನಿಯ ಗಾಡಿ, ಎರಡರಲ್ಲೂ ಓಡಿಸಿ ನೋಡಲು ಕೊಟ್ಟಾಗ ಡಿಜಿಟಲ್ ಕೀಯನ್ನು ನನ್ನ ಫೋನಿಗೇ ಹಾಕಿಸಿಕೊಂಡೆ. ಹೆಸರು ಬರೆಯುವುದಿಲ್ಲ.

ಮೊದಲನೆಯದು: ಸ್ವಿಚ್ ಆಫ್ ಮಾಡಿ ಎಳೆದೆ. ತೆರೆಯಲಿಲ್ಲ. ಫೋನ್ ತೆಗೆದು ಹಿಡಿಗೆ ತಾಗಿಸಿದೆ, ತೆರೆಯಿತು. ಆನ್ ಮಾಡಿ ಗೆಳೆಯನ ಕೈಗೆ ಫೋನ್ ಕೊಟ್ಟು ಐದಾರು ಹೆಜ್ಜೆ ಹಿಂದೆ ನಿಲ್ಲಿಸಿದೆ. ನಾನು ಎಳೆದರೆ ಜಪ್ಪಯ್ಯ ಅಂದರೂ ಇಲ್ಲ. ಅವನು ಒಂದೊಂದೇ ಹೆಜ್ಜೆ ಬಂದ, ಕೈ ಚಾಚಿದರೆ ನನಗೆ ತಾಗುವಷ್ಟು ಹತ್ತಿರ ಬಂದಾಗ ಟಕ್.

ಎರಡನೆಯದು: ಸ್ವಿಚ್ ಆಫ್, ಫೋನ್ ಹಿಂದಿನ ಜೇಬಿನಲ್ಲಿ, ಎಳೆದೆ. ಟಕ್ ಅಂತ ತೆರೆಯಿತು. "ಇದೇನು?" ಅಂತ ಕೇಳಿದೆ. ಮಾರಾಟದ ಹುಡುಗ ನಕ್ಕು, "ನೋಡಿ ಸರ್, ಅದು ಇಲ್ಲದಿದ್ದರೂ ಕೆಲಸ ಮಾಡುತ್ತೆ, ಅಷ್ಟು ಸ್ಮಾರ್ಟು!" ಅಂದ.

ಹಳೇ_ಕೀಲಿ

😂😂 ಬ್ಯಾಟರಿ ಬದಲಾಯಿಸಿದೆ. ಈಗ ಒಂದೇ ಸಲಕ್ಕೆ ತೆರೆಯುತ್ತಿದೆ.